ಎಡಗಾಲು ಪೆಡಲಿನ ಮೇಲೆ

ಈಗಲೂ ಬೈಂದೂರಿನಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಮುಂದಿನ ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿಯನ್ನು ನನ್ನ ಎಡಗಾಲು ತನ್ನಷ್ಟಕ್ಕೇ ಒತ್ತಿ ಹಿಡಿದಿರುತ್ತದೆ. ಇಳಿಯುವ ಹೊತ್ತಿಗೆ ಮೀನಖಂಡ ಗಂಟು ಕಟ್ಟಿರುತ್ತದೆ. ಬಿಡು ಎಂದು ಹೇಳಿದರೆ ಬಿಡುತ್ತದೆ. ಆದರೆ ಹೇಳಬೇಕು.

ನಾನು ಲೆಕ್ಕಪತ್ರ, ಕೆಲಸದವರು, ಬುಕಿಂಗ್ ಎಲ್ಲವನ್ನೂ ನೋಡಿಕೊಳ್ಳುವ ಜಾಗ ಕಿರಿಮಂಜೇಶ್ವರದ ಹತ್ತಿರ, ಹೆದ್ದಾರಿಗೂ ಕಡಲಿಗೂ ನಡುವೆ ಇದೆ. ಮದುವೆ, ಆರತಕ್ಷತೆಗೆ ಬಾಡಿಗೆಗೆ ಕೊಡುವ ಎರಡು ಎಕರೆ ಹುಲ್ಲುಹಾಸು. ಹುಲ್ಲಿನ ನಡುವೆ ಹಳೆಯ ತೆಂಗಿನ ಮರಗಳು. ಫೋಟೋದಲ್ಲಿ ಚೆಂದ ಕಾಣುತ್ತವೆಂದು ಮಾಲೀಕರು ಅವನ್ನು ಕಡಿಸಲಿಲ್ಲ. ಅವರಿರುವುದು ಮುಂಬೈಯಲ್ಲಿ, ಅಲ್ಲಿ ಅವರಿಗೆ ಹೋಟೆಲುಗಳಿವೆ. ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವನ್ನೂ ಅಲ್ಲಿಂದಲೇ ಲಾರಿಯಲ್ಲಿ ಕಳಿಸಿದ್ದರು. ಹಳೆಯದು, ಹಸಿರು ಬಣ್ಣ, ಬಲಗಡೆ ಗೇರು ಬದಲಿಸುವ ಸನ್ನೆಕೋಲು, ಎಡಗಡೆ ಒಂದೇ ಪೆಡಲ್. ಆ ಪೆಡಲನ್ನು ಅರ್ಧ ಒತ್ತಿದರೆ ಕ್ಲಚ್, ಪೂರ್ತಿ ಒತ್ತಿದರೆ ಬ್ರೇಕ್. ನಮ್ಮ ಕೆಲಸದವರು ಅದನ್ನು ಹುಲ್ಲಿನ ಟ್ರ್ಯಾಕ್ಟರ್ ಎನ್ನುತ್ತಿದ್ದರು.

ಆ ಯಂತ್ರಕ್ಕೆ ಒಂದು ಕ್ರಮವಿತ್ತು. ಸೀಟಿನ ಮೇಲೆ ಆಳು ಇಲ್ಲದಿದ್ದರೆ ಎಂಜಿನ್ ತಾನೇ ನಿಲ್ಲುತ್ತಿತ್ತು. ಸೀಟಿನ ಅಡಿಯಲ್ಲೊಂದು ಸ್ವಿಚ್ಚು. ತೆಂಗಿನ ಮರ ಇಲ್ಲದ ಊರಿನವರು ಮಾಡಿದ ಕ್ರಮ ಅದು. ನಮ್ಮಲ್ಲಿ ಹತ್ತು ಮಾರಿಗೊಂದು ಒಣ ಗರಿಯ ಮಡಲು ಬಿದ್ದಿರುತ್ತದೆ, ಇಲ್ಲದಿದ್ದರೆ ಕಾಯಿ, ಇಲ್ಲದಿದ್ದರೆ ಹೊಂಬಾಳೆಯ ಹಾಳೆ. ಓಡಿಸುವವನು ಇಳಿದು ಅದನ್ನು ಬದಿಗೆ ಎಸೆದು ಮತ್ತೆ ಹತ್ತಬೇಕು. ಇಳಿದಾಗೆಲ್ಲ ಎಂಜಿನ್ ನಿಂತರೆ ಮಧ್ಯಾಹ್ನದವರೆಗೆ ಒಂದು ಸಾಲೂ ಮುಗಿಯುವುದಿಲ್ಲ. "ಡೈರೆಕ್ಟ್ ಕೊಡ್ಸಿ" ಎಂದು ಕೆಲಸದವರಿಗೆ ನಾನೇ ಹೇಳಿದೆ. ಡೈರೆಕ್ಟ್ ಎಂದರೆ ಸ್ವಿಚ್ಚನ್ನು ಬಿಟ್ಟು ವೈರಿಗೆ ವೈರು ಸೇರಿಸುವುದು. ನಮ್ಮ ಕಡೆ ಪಂಪ್‌ಸೆಟ್ಟಿಗೂ ಟಿಲ್ಲರಿಗೂ ಎಲ್ಲರೂ ಮಾಡುವುದು ಅದನ್ನೇ. ಆಮೇಲೆ ಕಡಲ ಗಾಳಿಗೆ ಕೀಲಿಯ ಸ್ವಿಚ್ಚೂ ತುಕ್ಕು ಹಿಡಿಯಿತು, ಅದಕ್ಕೂ ಡೈರೆಕ್ಟ್. ಅಲ್ಲಿಂದ ಮುಂದೆ ಎಂಜಿನ್ ಶುರು ಮಾಡಲು ಸ್ಕ್ರೂಡ್ರೈವರ್ ತಾಗಿಸಬೇಕು, ನಿಲ್ಲಿಸಲು ಮುಂದಿನ ಮುಚ್ಚಳ ಎತ್ತಿ ಪೆಟ್ರೋಲ್ ಪೈಪಿನ ನಲ್ಲಿ ಮುಚ್ಚಬೇಕು. ಎರಡು ಮೂರು ನಿಮಿಷದಲ್ಲಿ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಎಲ್ಲರಿಗೂ ಅಭ್ಯಾಸವಾಗಿತ್ತು. ನನಗೂ.

ಮಳೆಗಾಲ ಮುಗಿದು ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಭಾನುವಾರ ಒಂದು ಮದುವೆ. ಸೋಮವಾರದಿಂದಲೇ ಗೇರು ತಕರಾರು ಮಾಡತೊಡಗಿತು. ಎರಡರಿಂದ ಮೂರಕ್ಕೆ ಹೋಗುವುದಿಲ್ಲ, ಹಿಂದಕ್ಕೆ ಬೀಳುವುದಿಲ್ಲ, ಒತ್ತಾಯ ಮಾಡಿದರೆ ಅಡಿಯಿಂದ ಕರಕರ ಸದ್ದು. ಬುಧವಾರ ಓಡಿಸುವವನು ಸಿಟ್ಟಿನಲ್ಲಿ ಸನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದನಂತೆ. ಒಳಗಿನ ಸರಳು ಬಗ್ಗಿದ್ದು ಆಗಲೇ ಇರಬೇಕು. ಅದು ನಮಗೆ ಗೊತ್ತಾದದ್ದು ಆಮೇಲೆ.

ಗುರುವಾರ ಬ್ರಹ್ಮಾವರದಿಂದ ಮೆಕ್ಯಾನಿಕ್ ಬಂದರು. ಐವತ್ತು ದಾಟಿದ ವಯಸ್ಸು, ಟಿಲ್ಲರ್ ರಿಪೇರಿಯಲ್ಲಿ ಪಳಗಿದ ಕೈ. ಮನೆ ಸಾಲಿಗ್ರಾಮದ ಕಡೆ. ಅವರ ಮನೆಯವರಿಗೆ ಹಿಂದಿನಿಂದ ಅಲ್ಲಿನ ದೇವಸ್ಥಾನದ ಚಾಕರಿ. ಆ ತಿಂಗಳು ಸಂಜೆಯ ಸರದಿ ಅವರದ್ದು.

"ಸಂಜಿ ಆರ್ ಗಂಟಿಗೆ ನಾ ದೇವಸ್ಥಾನ ಮುಟ್ಕ್ ಕಾಣಿ. ಕುಂದಾಪ್ರದಂಗೆ ಬಸ್ ನಿಂತ್ರೆ ನಿಂತದ್ದೇ" ಎಂದು ಬಂದಕೂಡಲೇ ಹೇಳಿದರು. ಯಂತ್ರದ ಸುತ್ತ ಒಂದು ಸುತ್ತು ಬಂದರು. "ಇದೆಂತ ಮೇಡಮ್ಮ್ರೆ, ಟಿಲ್ಲರೂ ಅಲ್ಲ, ಕಾರೂ ಅಲ್ಲ. ನಾಕ್ ದನ ಕಟ್ಟಿರೆ ಆತಿತ್ತಲೆ. ಹುಲ್ಲೂ ಹೋಪುದ್, ಹಾಲೂ ಬಪ್ಪುದ್."

"ಮದಿ ದಿನ ಸಗಣಿ ಬಾಚುದ್ ಯಾರ್ ಅಣ್ಣ?"

"ಬಾಚುದ್ ಎಂತಕ್ಕೆ? ಪುರೋಹಿತ್ರಿಗೆ ಬೇಕಲೆ!"

ನಗುತ್ತಲೇ ಕೆಲಸ ಶುರುವಾಯಿತು. ಓಡಿಸುವವನೂ ಅವರೂ ಸೇರಿ ಅಡಿಯ ಬ್ಲೇಡಿನ ಪೆಟ್ಟಿಗೆಯನ್ನು ಬಿಚ್ಚಿ ಬದಿಗಿಟ್ಟರು. ಮುಂದಿನ ಎರಡು ಚಕ್ರಗಳನ್ನು ಎತ್ತಿ ಮುರಕಲ್ಲಿನ ಮೇಲೆ ಕೂರಿಸಿದರು, ಒಂದೊಂದು ಚಕ್ರದಡಿ ಎರಡೆರಡು ಕೆಂಪು ಕಲ್ಲು. ಕಾಂಪೌಂಡ್ ಕಟ್ಟಿ ಉಳಿದ ಹೊಸ ಕಲ್ಲುಗಳು ಅಲ್ಲೇ ಇದ್ದವು. ಆಮೇಲೆ ಓಡಿಸುವವನಿಗೆ ಬೇರೆ ಕೆಲಸ ಇಲ್ಲವೆಂದು ನಾನು ಮನೆಗೆ ಕಳಿಸಿದೆ.

ಎಂಜಿನ್ ಬಂದ್ ಇರುವಾಗ ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು. ಸನ್ನೆ ಗೇರಿನ ಎಲ್ಲ ಮನೆಗೂ ಹೋಗುತ್ತಿತ್ತು, ಬರುತ್ತಿತ್ತು. ಎಂಜಿನ್ ಚಾಲೂ ಆದರೆ ಮಾತ್ರ ಕರಕರ. ಅವರು ಅಷ್ಟರಲ್ಲೇ ರೋಗ ಹಿಡಿದರು. "ಗೇರ್ ಬಾಕ್ಸಿಗೆ ಎಂತದೂ ಆಯ್ಲಿಲ್ಲೆ. ಕ್ಲಚ್ ಒತ್ತಿರೂ ಬೆಲ್ಟ್ ಸಡ್ಲ ಆತಿಲ್ಲೆ. ತಿರ್ಗುವ ಗೇರಿಗೆ ಇನ್ನೊಂದ್ ಗೇರ್ ಹ್ಯಾಂಗೆ ಬೀಳುದ್?" ಅದು ಸರಿಯೇ ಆಗಿತ್ತು. ಬೆಲ್ಟು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಲು ಎಂಜಿನ್ ಚಾಲೂ ಇಟ್ಟು ಅಡಿಯಲ್ಲಿ ಮಲಗಬೇಕು, ಮೇಲೊಬ್ಬರು ಕೂತು ಪೆಡಲ್ ಒತ್ತಿ ಬಿಡಬೇಕು. ಮೇಲೆ ಕೂರಲು ನಾನಲ್ಲದೆ ಅಲ್ಲಿ ಯಾರೂ ಇರಲಿಲ್ಲ.

"ಗೇರ್ ಯಾವ್ದಂಗ್ ಇತ್ತ್?" ಎಂದು ಕೇಳಿದರು.

ಸನ್ನೆ ನ್ಯೂಟ್ರಲಿನ ಗೆರೆಯ ಎದುರಿಗೇ ಇತ್ತು. "ನ್ಯೂಟ್ರಲ್ ಇತ್ತ್ ಅಣ್ಣ" ಎಂದೆ. ಎಷ್ಟು ಧೈರ್ಯದಿಂದ ಹೇಳಿದೆ. ದೂಡಿ ನೋಡಿದ್ದರೆ ಗೊತ್ತಾಗುತ್ತಿತ್ತು. ಯಂತ್ರ ಕಲ್ಲಿನ ಮೇಲಿದ್ದುದರಿಂದ ಯಾರೂ ದೂಡಲಿಲ್ಲ. ಸರಳು ಬಗ್ಗಿ ಸನ್ನೆಯ ಲೆಕ್ಕ ಒಂದು ಮನೆ ತಪ್ಪಿತ್ತು. ಸನ್ನೆ ನ್ಯೂಟ್ರಲ್ ತೋರಿಸುತ್ತಿತ್ತು, ಒಳಗೆ ಹಿಂದಕ್ಕೆ ಹೋಗುವ ಗೇರು ಬಿದ್ದಿತ್ತು.

ನಾನು ಪೆಡಲನ್ನು ಪೂರ್ತಿ ಒತ್ತಿ ಕೂತೆ. ಅವರು ಸ್ಕ್ರೂಡ್ರೈವರ್ ತಾಗಿಸಿ ಎಂಜಿನ್ ಶುರು ಮಾಡಿದರು. ಪಂಚೆಯನ್ನು ಮೇಲೆ ಕಟ್ಟಿ, ಎಡಬದಿಯಲ್ಲಿ ತಲೆ, ಬಲಬದಿಯಲ್ಲಿ ಕಾಲು ಬರುವ ಹಾಗೆ ಅಡ್ಡಕ್ಕೆ ಯಂತ್ರದ ಅಡಿ ಹೋಗಿ ಅಂಗಾತ ಮಲಗಿದರು. ಅವರ ಮುಖ ನನ್ನ ಎಡಗಾಲಿನ ಹತ್ತಿರವೇ ಇತ್ತು, ಒಂದು ಮೊಳ ಕೆಳಗೆ. ಬಲಗೈಯನ್ನು ಬೆಲ್ಟಿನ ಕಡೆಗೆ ತೂರಿಸಿ, "ಹ್ಞಾಂ, ನಿಧಾನಕ್ ಬಿಡಿ ಕಾಂಬ" ಎಂದರು.

ನಾನು ಬಿಟ್ಟೆ. ಒಂದು ಬೆರಳಿನಷ್ಟು ಬಿಟ್ಟಿರಬಹುದು.

ಯಂತ್ರ ಹಿಂದಕ್ಕೆ ಜಿಗಿಯಿತು. ಬಲಗಡೆಯ ಮುಂದಿನ ಚಕ್ರ ಕಲ್ಲಿನ ಅಂಚಿಗೆ ಜಾರಿತು, ಹೊಸ ಮುರಕಲ್ಲು ಪುಡಿಯಾಗಿ ಉದುರಿತು. ನಾನು ಪೆಡಲನ್ನು ತುಳಿದು ನಿಂತೇಬಿಟ್ಟೆ. ಯಂತ್ರ ವಾಲಿಕೊಂಡು ನಿಂತಿತು. ಅಡಿಯಿಂದ ಒಂದು ಸದ್ದು ಬಂತು, ಅದನ್ನು ಕೂಗು ಎನ್ನಲಾರೆ. ಭಾರ ಎತ್ತುವವರು ಉಸಿರು ಬಿಗಿಹಿಡಿದಾಗ ಬರುವಂಥದ್ದು.

ನನ್ನ ಕೈ ಕೀಲಿಗೆ ಹೋಯಿತು. ತಿರುಗಿಸಿದೆ. ಎಂಜಿನ್ ನಿಲ್ಲಲಿಲ್ಲ. ಮತ್ತೆ ತಿರುಗಿಸಿದೆ. ಮೂರನೇ ಸಲ ತಿರುಗಿಸುವಾಗ ನೆನಪಾಯಿತು, ಡೈರೆಕ್ಟ್.

"ಬಿಡುಕಾಗ" ಎಂದರು ಅವರು. ಗಟ್ಟಿಯಾಗಿ ಅಲ್ಲ. "ತಂಗೀ, ಕಾಲ್ ಬಿಡುಕಾಗ. ಕೈ ಸಿಕ್ಕಂಡಿತ್ತ್."

ಬೆಲ್ಟಿಗೂ ಅದರ ಹೊರಗಿನ ಕಬ್ಬಿಣದ ತಡೆಗೂ ನಡುವೆ ಅವರ ಬೆರಳುಗಳು ಸಿಕ್ಕಿದ್ದವು. ವಾಲಿದ ಚೌಕಟ್ಟು ತೋಳಿನ ಮೇಲೆ ಕೂತಿತ್ತು. ನಾನು ಪೆಡಲ್ ಬಿಟ್ಟರೆ ಬೆಲ್ಟು ಬಿಗಿಯಾಗಿ ಕೈಯನ್ನು ಒಳಗೆ ಎಳೆಯುತ್ತಿತ್ತು, ಯಂತ್ರ ಕಲ್ಲಿನಿಂದ ಇಳಿದು ಎದೆಯ ಮೇಲೆ ಬೀಳುತ್ತಿತ್ತು. ಒತ್ತಿ ಹಿಡಿದರೂ ಬೆಲ್ಟು ಪೂರ್ತಿ ಸಡಿಲವಾಗದು, ರೋಗವೇ ಅದಾಗಿತ್ತಲ್ಲ. ಅದು ಅವರ ಬೆರಳನ್ನು ಉಜ್ಜುತ್ತಲೇ ಇತ್ತು. ರಬ್ಬರು ಕಾದ ವಾಸನೆ ಮೇಲಕ್ಕೆ ಬರುತ್ತಿತ್ತು.

ಸನ್ನೆಯನ್ನು ನಿಜವಾದ ನ್ಯೂಟ್ರಲಿಗೆ ತರೋಣವೆಂದು ಬಲಗೈಯಲ್ಲಿ ಎಳೆದೆ. ಕರಕರ ಎಂದು ಇಡೀ ಯಂತ್ರ ನಡುಗಿತು. ಅಡಿಯಿಂದ "ಅಯ್ಯೋ ಮುಟ್ಟುಕಾಗ!" ಎಂಬ ಕೂಗು ಬಂತು. ಕೈ ತೆಗೆದೆ. ಅಲ್ಲಿಗೆ ನಾನು ಮಾಡಬಹುದಾದ ಕೆಲಸವೆಲ್ಲ ಮುಗಿಯಿತು. ನಲ್ಲಿ ಮುಂದಿನ ಮುಚ್ಚಳದ ಅಡಿ ಇತ್ತು, ನನ್ನ ಕೈಗೆ ಎರಡು ಮೊಳ ದೂರ. ಫೋನು ಆಫೀಸಿನಲ್ಲಿ ಚಾರ್ಜಿಗೆ ಹಾಕಿತ್ತು. ಸೀಟು, ಸ್ಟೀರಿಂಗು, ಪೆಡಲು. ಕೈಗಳೆರಡೂ ಖಾಲಿ ಇದ್ದವು.

ಕಸ ಗುಡಿಸುವ ಅಕ್ಕ ಹಿಂದಿನ ಅಡಿಗೆಮನೆಯ ಹತ್ತಿರ ಊಟಕ್ಕೆ ಕೂತಿರಬೇಕು. "ಹ್ವಾಯ್! ಹ್ವಾಯ್ ಅಕ್ಕಾ!" ಎಂದು ಕೂಗಿದೆ. ಹೆದ್ದಾರಿಯ ಲಾರಿಗಳ ಸದ್ದು, ನಮ್ಮದೇ ಎಂಜಿನ್ನಿನ ಸದ್ದು. ಕೂಗಿದಾಗೆಲ್ಲ ಮೈ ನಡುಗುತ್ತಿತ್ತು, ಮೈ ನಡುಗಿದಾಗ ಕಾಲೂ.

"ಕೂಗ್‌ಬೇಡಿ. ಕಾಲ್ ನಡ್ಗತ್ತ್" ಎಂದರು ಕೆಳಗಿನಿಂದ. ಅವರ ಕಣ್ಣು ನನ್ನ ಚಪ್ಪಲಿಯ ಮೇಲೆಯೇ ಇತ್ತು. "ಚಪ್ಪಲಿ ಜಾರತ್ತಾ?"

"ಇಲ್ಲೆ ಅಣ್ಣ."

"ಜಾರುವಾಂಗ್ ಇದ್ರೆ ಮೊದ್ಲೇ ಹೇಳಿ."

ಮೊದಲೇ ಹೇಳಿದರೆ ಅವರು ಏನು ಮಾಡುತ್ತಿದ್ದರು? ಇಬ್ಬರಿಗೂ ಅದು ಗೊತ್ತಿತ್ತು. ಚಪ್ಪಲಿ ನಿಜಕ್ಕೂ ಜಾರುತ್ತಿತ್ತು. ಅಂಗಾಲು ಬೆವರಿ ಒಳಗೊಳಗೇ ಸರಿಯುತ್ತಿತ್ತು. ಬಲಗಾಲನ್ನೂ ತಂದು ಎಡಗಾಲಿನ ಮೇಲೆ ಇಟ್ಟೆ, ಎರಡೂ ಕೈಯಿಂದ ಸೀಟಿನ ಅಂಚು ಹಿಡಿದು ಬೆನ್ನನ್ನು ಹಿಂದಕ್ಕೆ ಒತ್ತಿದೆ. ಕಾಲೇಜಿನಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಿದವಳು ನಾನು. ಬಲ, ಭಾರ, ಘರ್ಷಣೆ ಎಲ್ಲದಕ್ಕೂ ಚಿತ್ರ ಬರೆದು ಬಾಣದ ಗುರುತು ಹಾಕಿದ್ದೆ. ಆ ಚಿತ್ರಗಳಲ್ಲಿ ಬೆವರು ಇರಲಿಲ್ಲ.

"ಗಂಟಿ ಎಷ್ಟಾಯ್ತ್?" ಎಂದು ಕೇಳಿದರು.

ನನ್ನ ವಾಚು ನೋಡಿದೆ. "ಎರಡಕ್ ಹತ್ ನಿಮಿಷ."

"ಹಾಂಗಾರೆ ಹೊತ್ತಿತ್ತ್" ಎಂದರು. ದೇವಸ್ಥಾನದ ಸರದಿಯನ್ನು ಲೆಕ್ಕ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದರು. ತುಟಿ ಅಲ್ಲಾಡುತ್ತಿತ್ತು. ಬಲಗಡೆ ಕಲ್ಲಿನಿಂದ ಕೆಂಪು ಹುಡಿ ಆಗಾಗ ಉದುರುತ್ತಿತ್ತು, ಸಕ್ಕರೆ ಸುರಿದ ಹಾಗೆ. ಆ ಸದ್ದು ಎಂಜಿನ್ನಿನ ಗಲಾಟೆಯಲ್ಲಿ ಕೇಳಿಸುವಂಥದ್ದಲ್ಲ. ಆದರೂ ಈಗ ನೆನಪಿಸಿಕೊಂಡರೆ ನನಗೆ ಅದು ಮಾತ್ರ ಕೇಳಿಸುತ್ತದೆ.

ಅಕ್ಕ ಬಂದದ್ದು ನನ್ನ ಕೂಗಿಗಲ್ಲ. ತಟ್ಟೆ ತೊಳೆದ ನೀರನ್ನು ಗಿಡಕ್ಕೆ ಚೆಲ್ಲಲು ಬಂದಿದ್ದಳು. ತಟ್ಟೆ ಕೈಯಲ್ಲೇ ಇತ್ತು.

"ಅಬ್ಬಿಯೇ! ಎಂತ ಆಯ್ತಮ್ಮಾ ಇದ್!" ಎಂದು ತಟ್ಟೆ ಎಸೆದು ಓಡಿಬಂದವಳು ಅವರ ಎರಡೂ ಕಾಲು ಹಿಡಿದು ಎಳೆಯಹೊರಟಳು.

"ಎಳುಕಾಗ! ಎಳುಕಾಗ ಮಾರಾಯ್ತಿ!" ಎಂದು ಅವರು ಕಿರುಚಿದರು.

"ಅಕ್ಕಾ, ಅದ್ರ್ ಬಿಡ್. ಮುಂದೆ ಬಾ" ಎಂದೆ ನಾನು. "ಆ ಹಸ್ರ್ ಮುಚ್ಚಳ ಎತ್ತ್."

"ಬಿಸಿ ಇತ್ತಮ್ಮಾ!"

"ಸೆರಗ್ ಹಿಡ್ಕಂಡ್ ಎತ್ತ್. ಒಳ್ಗೆ ಸಣ್ಣ ಪೈಪ್ ಇತ್ತಾ? ಅದ್ರ್ ನಡುಗೆ ಕಪ್ಪ್ ಬಣ್ಣದ್ ನಲ್ಲಿ ಕಾಣತ್ತಾ?"

ಅವಳು ಒಳಗೆ ಬಗ್ಗಿ ನೋಡಿದಳು. ಫ್ಯಾನಿನ ಗಾಳಿಗೆ ಅವಳ ಕೂದಲು ಹಾರುತ್ತಿತ್ತು. ಸೆರಗು ಎಲ್ಲಿ ಸಿಕ್ಕಿಬೀಳುತ್ತದೋ ಎಂದು ನನಗೆ ಹೊಸ ಹೆದರಿಕೆ. "ಕಾಣತ್ತ್. ಯಾವ್ ಬದಿಗ್ ತಿರ್ಗ್ಸುದ್?"

ನನಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ಆ ನಲ್ಲಿ ಮುಚ್ಚಿ ಎಂಜಿನ್ ನಿಲ್ಲಿಸುವುದನ್ನು ದಿನವೂ ನೋಡಿದ್ದೆ, ನಾನೇ ಒಮ್ಮೆಯೂ ಮುಚ್ಚಿರಲಿಲ್ಲ.

ಕೆಳಗಿನಿಂದ ಅವರ ಧ್ವನಿ ಬಂತು. "ಮನಿಯಂಗೆ ಗ್ಯಾಸ್ ಹ್ಯಾಂಗ್ ಬಂದ್ ಮಾಡ್ತ್ಯೋ ಹಾಂಗೇ."

"ನಮ್ಮನಿಯಂಗೆ ಗ್ಯಾಸ್ ಬಂದ್ ಮಾಡುದ್ ಸೊಸಿ! ನಂಗ್ ಮುಟ್ಟುಕೇ ಬಿಡುದಿಲ್ಲೆ!"

"ಹಾಂಗಾರೆ ಅಡ್ಡ ತಿರ್ಗ್ಸ್. ಪೈಪಿಗೆ ಅಡ್ಡ."

ತಿರುಗಿಸಿದಳು. ಎಂಜಿನ್ ನಿಲ್ಲಲಿಲ್ಲ. ನಿಲ್ಲುವುದಿಲ್ಲ ಎಂದು ನಮಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. "ಆಯ್ಲಿಲ್ಲೆ ಅಮ್ಮಾ! ನಾ ತಪ್ ಮಾಡ್ದೆ!" ಎಂದು ಅಳತೊಡಗಿದಳು. ಒಳಗಿದ್ದ ಪೆಟ್ರೋಲು ತೀರಬೇಕು. ಆ ಎರಡು ಮೂರು ನಿಮಿಷಗಳಲ್ಲಿ ನನ್ನ ಎಡಗಾಲು ನನ್ನದಾಗಿ ಉಳಿಯಲಿಲ್ಲ. ಮೊದಲು ನೋವು, ಆಮೇಲೆ ಉರಿ, ಆಮೇಲೆ ಏನೂ ಇಲ್ಲ. ಏನೂ ಇಲ್ಲವೆಂದಾಗ ಹೆಚ್ಚು ಹೆದರಿಕೆಯಾಯಿತು. ಒತ್ತಿದ್ದೇನೋ ಇಲ್ಲವೋ ಎಂದು ತಿಳಿಯಲು ಕಣ್ಣಿಂದ ನೋಡಬೇಕಾಯಿತು. ಪೆಟ್ರೋಲು ತೀರುವ ಮುನ್ನ ಎಂಜಿನ್ ಒಮ್ಮೆ ಜೋರಾಗಿ ಏರುತ್ತದೆ. ಅದು ಸಾಯುವ ಮೊದಲಿನ ಏರಿಕೆ ಎಂದು ತಿಳಿದಿದ್ದರೂ, ಅದು ಏರಿದಾಗ ಅಡಿಯಲ್ಲಿ ಅವರು ಬಾಯಿಬಿಟ್ಟು ಕೂಗಿದರು. ಆಮೇಲೆ ಕೆಮ್ಮು. ಇನ್ನೊಂದು ಕೆಮ್ಮು. ನಿಂತಿತು.

ಕಡಲಿನ ಸದ್ದು ಕೇಳಿಸಿತು.

"ಈಗ್ಳೂ ಬಿಡುಕಾಗ" ಎಂದರು. "ಕಲ್ ನಿಲ್ಲುದಿಲ್ಲೆ. ಬ್ರೇಕ್ ಬಿಟ್ರೆ ಕೆಳ್ಗ್ ಬತ್ತ್."

ಅಕ್ಕ ಹೆದ್ದಾರಿಗೆ ಓಡಿದಳು. ಎರಡೂ ಕೈ ಚಾಚಿ ರಸ್ತೆಯ ನಡುವೆಯೇ ನಿಂತಳಂತೆ. ಗಂಗೊಳ್ಳಿ ಕಡೆಗೆ ಹೋಗುತ್ತಿದ್ದ ಮೀನಿನ ಟೆಂಪೋ ನಿಂತಿತು. ಅದರಲ್ಲಿದ್ದ ಮೂವರು ಬಂದರು, ಹಿಂದಿನ ಬೈಕಿನವನೊಬ್ಬ ಬಂದ. ನಾಲ್ವರು ಮುಂಭಾಗವನ್ನು ಎತ್ತಿ ಹಿಡಿದರು. ಅವರಲ್ಲೊಬ್ಬ ಇನ್ನೊಬ್ಬನಿಗೆ ತನ್ನ ಭಾರ ದಾಟಿಸಿ ಬಗ್ಗಿ, ಮೀನು ಕೊಯ್ಯುವ ಕತ್ತಿಯಿಂದ ಬೆಲ್ಟನ್ನು ಕೊಯ್ದ. ಅಡಿಯಲ್ಲಿದ್ದವರನ್ನು ಹೊರಗೆಳೆದರು. ಬಲಗೈಯ ಕೊನೆಯ ಎರಡು ಬೆರಳುಗಳನ್ನು ನಾನು ನೋಡಿದೆ, ಆಮೇಲೆ ನೋಡಲಿಲ್ಲ. ಟೆಂಪೋದ ಪೆಟ್ಟಿಗೆಯಿಂದ ಮಂಜುಗಡ್ಡೆ ತಂದು ಹೆಗಲ ಮೇಲಿದ್ದ ಬೈರಾಸಿನಲ್ಲಿ ಕೈಗೆ ಸುತ್ತಿದರು. ಮೀನಿನ ಪೆಟ್ಟಿಗೆಗಳ ನಡುವೆ ಕೂರಿಸಿಕೊಂಡು ಕುಂದಾಪುರಕ್ಕೆ ಹೊರಟರು. ಟೆಂಪೋ ತಿರುಗುವಾಗ ಅವರು ತಲೆ ಹೊರಹಾಕಿ ನನಗೆ ಹೇಳಿದ್ದು ಒಂದೇ ಮಾತು, "ದೇವಸ್ಥಾನಕ್ಕೊಂದ್ ಫೋನ್ ಮಾಡಿ."

ನಾನು ಇಳಿದಿರಲಿಲ್ಲ. ಯಂತ್ರವನ್ನು ಕಲ್ಲಿನಿಂದ ಇಳಿಸಿ ನೆಲದ ಮೇಲೆ ಬಿಟ್ಟು ಹೋಗಿದ್ದರು. ಅಡಿಯಲ್ಲಿ ಯಾರೂ ಇರಲಿಲ್ಲ. ನನ್ನ ಎರಡೂ ಕಾಲು ಪೆಡಲಿನ ಮೇಲೆಯೇ ಇದ್ದವು. ಅಕ್ಕ ಹತ್ತಿರ ಬಂದು ಮಂಡಿಯೂರಿ ಕೂತಳು. ಮೊದಲು ಬಲಗಾಲನ್ನು, ಆಮೇಲೆ ಎಡಗಾಲನ್ನು, ಮಗುವಿನ ಕಾಲನ್ನು ಎತ್ತುವ ಹಾಗೆ ಎರಡೂ ಕೈಯಿಂದ ಎತ್ತಿ ಕೆಳಗಿಟ್ಟಳು.

"ಅಡಿಗ್ ಯಾರೂ ಇಲ್ಲೆ ಅಮ್ಮಾ" ಎಂದಳು. "ಕಾಣ್, ಯಾರೂ ಇಲ್ಲೆ."

ಸಂಜೆ ಆಸ್ಪತ್ರೆಯಲ್ಲಿ ಮೆಕ್ಯಾನಿಕ್ಕರ ಹೆಂಡತಿಯ ಎದುರು ನಿಂತು ಹೇಳಬೇಕೆಂದಿದ್ದ ಮಾತು ಎರಡೇ. ಡೈರೆಕ್ಟ್ ಕೊಡಿಸಿದ್ದು ನಾನು, ನ್ಯೂಟ್ರಲ್ ಎಂದದ್ದೂ ನಾನು. ಮೊದಲನೆಯದನ್ನು ಹೇಳಿದೆ. ಎರಡನೆಯದು ಆವತ್ತು ಬಾಯಿಂದ ಬರಲಿಲ್ಲ. ನಾಲ್ಕು ದಿನ ಬಿಟ್ಟು ಅವರಿಗೇ ಹೇಳಿದೆ. ಅವರು ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲೆ ಸರಿಯಾಗಿ ಇಟ್ಟುಕೊಳ್ಳುತ್ತ, "ನಾ ಮೂವತ್ ವರ್ಷದ್ ಮೆಕ್ಯಾನಿಕ್. ನಿಮ್ಮತ್ರ ಕೇಂಡದ್ದೇ ತಪ್ಪ್" ಎಂದರು. ಸಮಾಧಾನಕ್ಕೆ ಹೇಳಿದ್ದಲ್ಲ, ತಮ್ಮ ಮೇಲಿನ ಸಿಟ್ಟಿಗೆ ಹೇಳಿದ್ದು. ಆದ್ದರಿಂದ ನನಗೆ ಅದರಿಂದ ಹಗುರವಾಗಲಿಲ್ಲ. ಕಿರುಬೆರಳಿನ ತುದಿ ಹೋಯಿತು. ಉಂಗುರದ ಬೆರಳು ಉಳಿಯಿತು, ಮಡಚುವುದಿಲ್ಲ.

ಎರಡು ತಿಂಗಳ ನಂತರ ಅವರೇ ಫೋನ್ ಮಾಡಿದರು. ಹಿಡಿದ ಕೆಲಸ ಅರ್ಧಕ್ಕೆ ನಿಂತಿದೆ, ಬರುತ್ತೇನೆ ಎಂದರು. ಬೇಡವೆಂದೆ. ಬಂದರು. ಮೊದಲು ಸೀಟಿನ ಸ್ವಿಚ್ಚು, ಕೀಲಿಯ ಸ್ವಿಚ್ಚು ಎರಡನ್ನೂ ಹೊಸದಾಗಿ ಹಾಕಿದರು. ಬಗ್ಗಿದ ಸರಳನ್ನು ತೆಗೆದು ನೇರ ಮಾಡಿದರು. ಬೆಲ್ಟಿನ ತಡೆ ಒಳಕ್ಕೆ ಬಾಗಿ ಬೆಲ್ಟನ್ನು ಹಿಡಿಯುತ್ತಿತ್ತು. ಅದನ್ನು ಹೊರಕ್ಕೆ ಬಡಿದು ಹೊಸ ಬೆಲ್ಟು ಏರಿಸಿದರು. ಎಲ್ಲವೂ ಎಂಜಿನ್ ಬಂದ್ ಇರುವಾಗಲೇ. ಆದರೆ ಬೆಲ್ಟು ಎಷ್ಟು ಸಡಿಲವಾಗುತ್ತದೆ ಎಂದು ಅಳೆಯಲು ಯಾರಾದರೂ ಮೇಲೆ ಕೂತು ಪೆಡಲ್ ಒತ್ತಿ ಬಿಡಲೇಬೇಕಿತ್ತು.

"ಕೂಕಣಿ ತಂಗಿ" ಎಂದರು.

ಕೂತೆ. ಒತ್ತಿದೆ. ಅವರು ಅಡಿಗೆ ಹೋಗಿ ನೋಡಿ, "ಬಿಡಿ" ಎಂದರು.

"ನೀವ್ ಮೊದ್ಲ್ ಹೊರ್ಗ್ ಬನ್ನಿ."

"ಎಂಜಿನ್ನೇ ಚಾಲೂ ಇಲ್ಲೆ ಮಾರಾಯ್ರೆ! ಕೀಲಿ ನನ್ ಕಿಸಿಯಂಗಿತ್ತ್!"

"ಇರ್ಲಿ. ಬನ್ನಿ."

ಗೊಣಗುತ್ತ ತೆವಳಿಕೊಂಡು ಬಂದು ನನ್ನ ಎದುರು ನಿಂತರು. ಎರಡೂ ಕೈ ನನಗೆ ಕಾಣುವ ಹಾಗೆ ಎತ್ತಿ ಹಿಡಿದರು. ಆಮೇಲೆ ನಾನು ಪೆಡಲ್ ಬಿಟ್ಟೆ. ಮತ್ತೆ ಒತ್ತಿದೆ, ಅವರು ಮತ್ತೆ ಅಡಿಗೆ ಹೋದರು, ಒಂದು ನಟ್ಟು ಸ್ವಲ್ಪ ತಿರುಗಿಸಿದರು, ಮತ್ತೆ ಹೊರಗೆ ಬಂದು ಕೈ ತೋರಿಸಿದರು. ಏಳು ಸಲವೋ ಎಂಟು ಸಲವೋ. ಕೊನೆಕೊನೆಗೆ ನಾನು ಹೇಳುವ ಮೊದಲೇ ಬರುತ್ತಿದ್ದರು. ಅರ್ಧ ಗಂಟೆಯ ಕೆಲಸ ಮೂರು ಗಂಟೆ ಹಿಡಿಯಿತು. ಅವತ್ತು ಅವರಿಗೆ ಮನೆಗೆ ಹೋಗುವ ಐದರ ಬಸ್ಸು ತಪ್ಪಿತು.